ಗಾಲಿಯೊಳಗಿನ ಲಿಂಬೆಹಣ್ಣು

ನನ್ನ ಗಂಡ ವಿಮಾನ ಕಟ್ಟುತ್ತೇನೆಂದು ಹೇಳಿದಾಗ ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ತಲೆ ಎತ್ತಿ ನೋಡಲೂ ಇಲ್ಲ.

"ನಾ ಒಂದ್ ವಿಮಾನ ಕಟ್ಟಬೇಕಂತ ಮಾಡೀನಿ," ಅಂದರು.

"ಕಟ್ರಿ," ಅಂದೆ. "ಮೊದಲ ಬಾತ್‌ರೂಮಿನ ನಳ ರಿಪೇರಿ ಮಾಡ್ರಿ."

ನಳ ಇವತ್ತಿಗೂ ಸೋರುತ್ತಿದೆ. ವಿಮಾನ ಮಾತ್ರ ಎದ್ದು ನಿಂತಿತು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಅನ್ನುತ್ತಾರೆ. ಇವರದು ಮದುವೆಯಾಗಿ ಮೂವತ್ತು ವರ್ಷದ ಮೇಲೆ ಶುರುವಾದ ಹುಚ್ಚು. ಅದಕ್ಕೆ ಗಾದೆಯಲ್ಲೂ ಮದ್ದಿಲ್ಲ. ಹಗಲೆಲ್ಲ ಇಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಕಾರಿನ ಬ್ರೇಕುಗಳ ಲೆಕ್ಕಾಚಾರ ಮಾಡಿ ಬರುವ ಎಂಜಿನಿಯರು, ಸಟನ್ ಕೋಲ್ಡ್‌ಫೀಲ್ಡಿನ ಮನೆಗೆ ಬಂದು, ಊಟ ಮಾಡಿ, ಗ್ಯಾರೇಜಿಗೆ ಹೋಗಿ ಅಲ್ಯೂಮಿನಿಯಂ ತಗಡಿಗೆ ರಿವೆಟ್ ಹೊಡೆಯುವರು. ಹೀಗೆ ಏಳು ವರ್ಷ. ಒಂದು ಚಳಿಗಾಲವಿಡೀ ಎಡಗಡೆಯ ರೆಕ್ಕೆ ನಮ್ಮ ಊಟದ ಕೋಣೆಯಲ್ಲಿ ಮಲಗಿತ್ತು. ಬಂದ ನೆಂಟರು ಅದರ ಪಕ್ಕದಲ್ಲಿ ಒರಗಿ ಕೂತು ಜೋಳದ ರೊಟ್ಟಿ ತಿಂದು ಹೋದರು.

ರಿವೆಟ್ ಹೊಡೆಯುವುದು ಒಬ್ಬರ ಕೆಲಸವಲ್ಲ. ಈಚೆಯಿಂದ ಒಬ್ಬರು ಹೊಡೆಯುವಾಗ ಆಚೆಯಿಂದ ಇನ್ನೊಬ್ಬರು ಕಬ್ಬಿಣದ ಗಟ್ಟಿಯೊಂದನ್ನು ಒತ್ತಿ ಹಿಡಿಯಬೇಕು. ಹಿಡಿದವಳು ನಾನು. ಬೈಯುತ್ತಲೇ ಹಿಡಿದೆ. ಸಾವಿರಾರು ರಿವೆಟ್ಟುಗಳ ಪೆಟ್ಟು ನನ್ನ ಮೊಣಕೈಯಲ್ಲಿ ಇನ್ನೂ ಇದೆ.

ಮನೆಯಲ್ಲಿ ವಿಮಾನ ಕಟ್ಟುವವರಲ್ಲಿ ಒಂದು ರೀತಿಯಿದೆ. ವಿಮಾನವನ್ನು ಎಡಕ್ಕೆ ಬಲಕ್ಕೆ ತಿರುಗಿಸುವ ಯಾವ ತಂತಿಯನ್ನು ಕೂಡಿಸಿದರೂ, ಕೂಡಿಸಿದವನು ನೋಡಿದರೆ ಸಾಲದು; ಎರಡನೆಯವನೊಬ್ಬ ಬಂದು, ತನ್ನ ಕಣ್ಣಿನಿಂದ ನೋಡಿ, ಸಹಿ ಹಾಕಬೇಕು. ನಮಗೆ ಸಹಿ ಹಾಕಲು ಬರುತ್ತಿದ್ದವರು ಎಂಬತ್ತರ ಹತ್ತಿರದ ಇಂಗ್ಲಿಷ್ ಅಜ್ಜ, ಪರವಾನಗಿ ಇರುವ ಇನ್‌ಸ್ಪೆಕ್ಟರ್. ಮಾತು ಕಡಿಮೆ, ಟಾರ್ಚು ದೊಡ್ಡದು. ಈ ರೀತಿ ನನಗೆ ಬಹಳ ಹಿಡಿಸಿತು. ನಾನು ಆಸ್ಪತ್ರೆಯ ಫಾರ್ಮಸಿಸ್ಟ್. ಮಾರ್ಫಿನ್‌ನಂಥ ಔಷಧಿ ಕಪಾಟಿನಿಂದ ಹೊರಗೆ ಬರಬೇಕಾದರೆ ನಮ್ಮಲ್ಲೂ ಇಬ್ಬರ ಸಹಿ ಬೇಕು. ಇಷ್ಟು ತಿಳಿದವಳು ನಾನು. ತಿಳಿದೂ ಮಾಡಿದ್ದನ್ನು ಈಗ ಹೇಳುತ್ತೇನೆ.

ವಿಮಾನ ವಸಂತದಲ್ಲಿ ಮೊದಲ ಸಲ ಹಾರಿತು. ನಾನು ಅದರಲ್ಲಿ ಕೂರಲಿಲ್ಲ. ಕೂರುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟಿದ್ದೆ. ಒಳಗೆ ಎಷ್ಟು ತೆಳುವಾದ ತಗಡು ಇದೆಯೆಂದು ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಒತ್ತಿ ಹಿಡಿದವಳಿಗೆ ಗೊತ್ತು.

ಅಕ್ಟೋಬರಿನಲ್ಲಿ ಖಂಡೆ ಪೂಜೆ ಬಂತು. ಮಹಾನವಮಿಗೆ ಧಾರವಾಡದ ನಮ್ಮ ಮನೆಗಳಲ್ಲಿ ಕುಡುಗೋಲಿನಿಂದ ಹಿಡಿದು ಸ್ಕೂಟರಿನವರೆಗೆ ಎಲ್ಲಕ್ಕೂ ಪೂಜೆ. ಇಲ್ಲಿ ಮೂವತ್ತು ವರ್ಷದಿಂದ ಕಾರಿಗೆ, ಮಿಕ್ಸರಿಗೆ, ಇವರ ಕಂಪ್ಯೂಟರಿಗೆ ಮಾಡಿಕೊಂಡು ಬಂದಿದ್ದೇನೆ. ಆ ವರ್ಷ ಶನಿವಾರ ಬಿದ್ದಿತ್ತು. ಇಳಕಲ್ ಸೀರೆ ಉಟ್ಟು, ಅದರ ಕೆಳಗೆ ರಬ್ಬರ್ ಬೂಟು ಹಾಕಿಕೊಂಡು, ಪೂಜೆಯ ಬುಟ್ಟಿ ಹಿಡಿದು ಹೊರಟೆ. ವಿಮಾನ ಇರುವುದು ಲಿಚ್‌ಫೀಲ್ಡ್ ದಾಟಿ ಹೊಲಗಳ ನಡುವೆ. ಹುಲ್ಲಿನ ರನ್‌ವೇ ಒಂದು, ತಗಡಿನ ಹ್ಯಾಂಗರ್ ಒಂದು, ಚಹಾ ಕಾಯಿಸಲು ಹಳೆಯ ಕ್ಯಾರವಾನ್ ಒಂದು.

ಎಂಜಿನ್ನಿನ ಮುಚ್ಚಳದ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದೆ, ಕುಂಕುಮ ಇಟ್ಟೆ. ಕಾರು ನಿಲ್ಲಿಸುವ ಕಡೆ ಇದ್ದ ಕಲ್ಲಿನ ಮೇಲೆ ಕಾಯಿ ಒಡೆದೆ. ಇಲ್ಲಿಯವರೆಗೆ ಇವರ ಒಪ್ಪಿಗೆ ಇತ್ತು.

"ಲಿಂಬಿಹಣ್ಣ ಮಾತ್ರ ಬ್ಯಾಡ," ಅಂದರು. "ರನ್‌ವೇ ಮ್ಯಾಲ ಏನೂ ಬೀಳಬಾರದು. ಇಲ್ಲಿ ರೂಲ್ ಐತಿ."

"ಗಾಲಿ ಕೆಳಗ ಇಡೂದು. ಇಷ್ಟ ಮುಂದ ಹೋದ್ರ ಮುಗೀತು."

"ಬ್ಯಾಡ ಅಂದ್ರ ಬ್ಯಾಡ."

ಈ ದೇಶದಲ್ಲಿ ನಾವು ಕೊಂಡ ಐದೂ ಕಾರುಗಳು ಲಿಂಬೆಹಣ್ಣು ತುಳಿದೇ ಮನೆ ಸೇರಿದ್ದವು. ಒಂದಕ್ಕೂ ಗೀರು ಬಿದ್ದಿಲ್ಲ. ನೆಲದ ಮೇಲೆ ಓಡುವುದಕ್ಕೆ ಬೇಕಾದ ಲಿಂಬೆಹಣ್ಣು ಆಕಾಶದಲ್ಲಿ ಹಾರುವುದಕ್ಕೆ ಬೇಡವೇ? ನನಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ನನ್ನ ಬುದ್ಧಿ ಬಹಳ ಚುರುಕಾಗುತ್ತದೆ, ಅದೇ ನನ್ನ ದೊಡ್ಡ ತೊಂದರೆ.

ಈ ವಿಮಾನದ ಗಾಲಿಗಳಿಗೆ ಗಾಳಿ ಸೀಳಿಕೊಂಡು ಹೋಗಲೆಂದು ಒಂದೊಂದು ಫೈಬರಿನ ಟೊಪ್ಪಿಗೆ ಇರುತ್ತದೆ. ಗಾಲಿಯ ಮುಕ್ಕಾಲು ಭಾಗ ಅದರೊಳಗೆ. ಇವರು ಕ್ಯಾರವಾನಿನ ಪುಸ್ತಕದಲ್ಲಿ ತಾವು ಹೊರಡುವ ಸಮಯ ಬರೆಯಲು ಹೋದಾಗ, ನಾನು ಬಗ್ಗಿ, ಟೊಪ್ಪಿಗೆಯ ಹಿಂದಿನ ಸಂದಿಯಿಂದ ಎಡಗಾಲಿಗೊಂದು, ಬಲಗಾಲಿಗೊಂದು ಲಿಂಬೆಹಣ್ಣು ತುರುಕಿದೆ. ಮುಂದಿನ ಚಿಕ್ಕ ಗಾಲಿಗೂ ಒಂದು ತಂದಿದ್ದೆ. ಆದರೆ ಅದರ ನೆತ್ತಿಯ ಮೇಲೇ ಪ್ರೊಪೆಲ್ಲರ್ ಇದ್ದುದರಿಂದ ಹತ್ತಿರ ಹೋಗಲು ಹೆದರಿ, ಮೂರನೆಯದನ್ನು ಬ್ಯಾಗಿಗೆ ಹಾಕಿಕೊಂಡೆ. ಗಾಲಿ ಉರುಳಿದ ಕೂಡಲೇ ಹಣ್ಣು ಕೆಳಗೆ ಬಿದ್ದು ಜಜ್ಜಿ ಹೋಗುತ್ತದೆ, ಶಾಸ್ತ್ರ ಮುಗಿಯುತ್ತದೆ ಎಂದು ನನ್ನ ಎಣಿಕೆ. ಆಮೇಲೆ ಕಾಯಿಚೂರು, ಬಾಳೆಹಣ್ಣು ಹಂಚಲು ಕ್ಯಾರವಾನಿಗೆ ಹೋದೆ. ಇನ್‌ಸ್ಪೆಕ್ಟರ್ ಅಜ್ಜ ಕಾಯಿಚೂರು ಎರಡು ಸಲ ಕೇಳಿ ತಿಂದರು.

ಇವರು ಮುಕ್ಕಾಲು ಗಂಟೆ ಹಾರಿ ಬಂದರು. ಅಷ್ಟರಲ್ಲಿ ಗಾಳಿ ಎದ್ದಿತ್ತು. ಗಾಳಿಯ ದಿಕ್ಕು ತೋರಿಸುವ ಕಿತ್ತಳೆ ಬಣ್ಣದ ಬಟ್ಟೆಯ ಚೀಲ ರನ್‌ವೇಗೆ ಅಡ್ಡವಾಗಿ ನೆಟ್ಟಗೆ ನಿಂತಿತ್ತು. ಅಜ್ಜ ಚಹಾದ ಕಪ್ಪು ಕೆಳಗಿಟ್ಟು ಹೊರಗೆ ಬಂದರು. ಅವರು ಹೊರಗೆ ಬಂದ ರೀತಿ ನನಗೆ ಸರಿ ಕಾಣಲಿಲ್ಲ.

ವಿಮಾನ ಹುಲ್ಲಿಗೆ ಮುಟ್ಟಿತು, ಒಮ್ಮೆ ಪುಟಿಯಿತು, ಮತ್ತೆ ಮುಟ್ಟಿತು. ಮುಟ್ಟಿದ್ದೇ ಎಡಕ್ಕೆ ತಿರುಗಿತು. ರನ್‌ವೇ ಬಿಟ್ಟು ಪಕ್ಕದ ಕೊಯ್ದ ಹೊಲಕ್ಕೆ ಇಳಿಯಿತು. ಮುಂದಿನ ಗಾಲಿ ಟ್ರ್ಯಾಕ್ಟರು ಹೋದ ತಗ್ಗಿಗೆ ಬಿದ್ದು, ಅದರ ಕಾಲು ಮುರಿದು, ಮೂಗು ನೆಲಕ್ಕೆ ಊರಿತು. ಪ್ರೊಪೆಲ್ಲರ್ ಮುರಿದ ಸದ್ದು ನನಗೆ ಸ್ವಲ್ಪ ತಡವಾಗಿ ಕೇಳಿಸಿತು. ಬಾಲ ಮೇಲೆದ್ದು ಹಾಗೇ ನಿಂತಿತು.

ನಾನು ಓಡಿದೆ. ಸೀರೆ ಎತ್ತಿ ಹಿಡಿದು, ಬೂಟಿನಲ್ಲಿ, ಅರವತ್ತರ ಹತ್ತಿರದ ಹೆಂಗಸು ಹೇಗೆ ಓಡಬಹುದೋ ಹಾಗೆ ಓಡಿದೆ. ಓಡುವಾಗ ತಲೆಯಲ್ಲಿ ದೇವರ ಹೆಸರು ಬರಲಿಲ್ಲ. ಲಿಂಬೆಹಣ್ಣು, ಲಿಂಬೆಹಣ್ಣು, ಅಷ್ಟೇ ಬರುತ್ತಿತ್ತು.

ನಾನು ಅರ್ಧ ದಾರಿಯಲ್ಲಿದ್ದಾಗ ಮೇಲಿನ ಗಾಜಿನ ಮುಚ್ಚಳ ಸರಿಯಿತು. ಇವರು ಹೊರಗೆ ಇಳಿದರು. ತಾವೇ ಇಳಿದರು, ಎರಡೂ ಕಾಲಿನ ಮೇಲೆ ನಿಂತರು. ಹೋದ ಜೀವ ಬಂತು ನನಗೆ. ಆ ಕ್ಷಣ ಎಂಥ ಸುಖದ ಕ್ಷಣವೆಂದರೆ, ನನ್ನ ಮದುವೆಯ ದಿನವೂ ಅಷ್ಟು ಸುಖವಾಗಿರಲಿಲ್ಲ. ಆದರೆ ಅವರು ನನ್ನ ಕಡೆ ನೋಡಲಿಲ್ಲ. ವಿಮಾನ ಸುತ್ತಿ ಬಂದು, ಎಡಗಾಲಿಯ ಪಕ್ಕದಲ್ಲಿ ಬಗ್ಗಿ, ಟೊಪ್ಪಿಗೆಯ ಒಳಗೆ ಕೈ ಹಾಕಿ ತಡಕಾಡಿದರು. ಬಂದ ಜೀವ ಅಲ್ಲೇ ನಿಂತಿತು.

ನಾನು ತಲುಪಿದಾಗ ಅವರ ತುಟಿ ಒಡೆದು ರಕ್ತ ಬಂದಿತ್ತು.

"ಏನೂ ಆಗಿಲ್ಲ ನನಗ," ಅಂದರು. "ಅಳಬ್ಯಾಡ."

"ನಾ ಎಲ್ಲಿ ಅಳಾಕತ್ತೀನಿ," ಅಂದೆ, ಅಳುತ್ತಲೇ.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಮೂಳೆಗೆ ಏನಿಲ್ಲ, ಸೀಟಿನ ಪಟ್ಟಿ ಬಿಗಿದ ಕಡೆ ಎದೆಯ ಮೇಲೆ ಜನಿವಾರ ಹಾಕಿದ ಹಾಗೆ ನೀಲಿಗಟ್ಟಿತ್ತು. ಲಿಂಗ ಕಟ್ಟುವ ಮನೆಯವರಿಗೆ ಈ ವಯಸ್ಸಿಗೆ ಇದೊಂದು ಬೇಕಿತ್ತು ಎಂದು ನಾನು ಹಾಸ್ಯ ಮಾಡಿದೆ. ಅವರು ನಗಲು ಹೋಗಿ ನೋವಾಗಿ ಎದೆ ಹಿಡಿದುಕೊಂಡರು. ತಲೆಗೆ ಬಂದದ್ದು ಪಾಗಿಗೆ ಹೋಯಿತು ಎಂದು ನಮ್ಮ ಅತ್ತೆ ಇದ್ದಿದ್ದರೆ ಹೇಳುತ್ತಿದ್ದರು. ನಾನೂ ಹಾಗೇ ಹೇಳಿಕೊಂಡೆ. ಆದರೆ ಪಾಗಿಗೆ ಹೊಡೆತ ಕೊಟ್ಟ ಕೈ ಯಾರದು ಎಂಬುದು ನನಗೊಬ್ಬಳಿಗೇ ಗೊತ್ತಿತ್ತು.

ಸ್ಟಾಕ್‌ಪೋರ್ಟಿನಲ್ಲಿರುವ ಮಗಳಿಗೆ ಫೋನ್ ಮಾಡಿ, ಅಪ್ಪ ಕ್ಷೇಮ ಎಂದು ಹೇಳಿ, ಸ್ನಾನದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಉಳಿದದ್ದನ್ನೂ ಹೇಳಿದೆ. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ಅಮ್ಮಾ, ಯೂ ಪುಟ್ ಫ್ರೂಟ್ ಇನ್ ದ ವ್ಹೀಲ್?"

"ಹಣ್ಣಲ್ಲವ್ವ. ಪೂಜಿ."

"ಟೆಲ್ ಡ್ಯಾಡ್," ಅಂದಳು. "ಟುಡೇ."

ಆ ದಿನ ಹೇಳಲಿಲ್ಲ. ನೋವಿನ ಮಾತ್ರೆ ತೆಗೆದುಕೊಂಡು ಮಲಗಿದ್ದಾರೆ, ಯಾಕೆ ಎಬ್ಬಿಸಬೇಕು ಎಂದು ನೆಪ ಹೇಳಿಕೊಂಡೆ. ನಿಜವಾಗಿ ಹೆದರಿಕೆ. ಇವರು ಬೈಯುತ್ತಾರೆಂಬ ಹೆದರಿಕೆಯಲ್ಲ, ಇವರು ಬೈಯುವವರಲ್ಲ. ನನ್ನ ಕೈಯಿಂದ ಇವರು ಸಾಯಬಹುದಿತ್ತು ಎಂಬ ಮಾತನ್ನು ನನ್ನ ಬಾಯಿಂದಲೇ ಕೇಳಬೇಕಲ್ಲ, ಅದಕ್ಕೆ.

ಮರುದಿನ ಭಾನುವಾರ, ವಿಜಯದಶಮಿ. ಬೆಳಗ್ಗೆ ಇನ್‌ಸ್ಪೆಕ್ಟರ್ ಅಜ್ಜನ ಫೋನ್ ಬಂತು. ಇವರು ಸ್ನಾನಕ್ಕೆ ಹೋಗಿದ್ದರಿಂದ ನಾನು ಎತ್ತಿದೆ. ವಿಮಾನವನ್ನು ಹ್ಯಾಂಗರಿಗೆ ಎಳೆದು ತಂದಾಯಿತು, ಇವತ್ತು ಮಧ್ಯಾಹ್ನ ಬ್ರೇಕು, ಗಾಲಿ ಎಲ್ಲ ಬಿಚ್ಚಿ ನೋಡುತ್ತೇನೆ ಅಂದರು. ಗಾಲಿಯನ್ನು ಯಾಕೆ ನೋಡಬೇಕು, ಗಾಲಿಯಲ್ಲಿ ಏನಿರುತ್ತದೆ ಎಂದು ಕೇಳಿಬಿಟ್ಟೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಅಂದರೆ ಇದೇ. ಅಜ್ಜ ನಿಧಾನವಾಗಿ, ಏನೂ ಇರಲಿಕ್ಕಿಲ್ಲ, ಆದರೂ ನೋಡುವುದು ಪದ್ಧತಿ ಅಂದರು.

ಇವರು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಲಿಂಗಪೂಜೆ ಮುಗಿಸಿ, ಊಟದ ಮೇಜಿಗೆ ಲ್ಯಾಪ್‌ಟಾಪ್ ತಂದಿಟ್ಟು ಕೂತರು. ಅಪಘಾತದ ತನಿಖೆ ಮಾಡುವವರಿಗೆ ಪೈಲಟ್ ತಾನೇ ತುಂಬಿ ಕಳಿಸಬೇಕಾದ ಫಾರ್ಮು. ಎರಡು ಬೆರಳಿನಿಂದ ಒಂದೊಂದೇ ಅಕ್ಷರ ಒತ್ತುತ್ತಿದ್ದರು. ಅಲ್ಲೇ, ಒಂದು ಕಾಲದಲ್ಲಿ ರೆಕ್ಕೆ ಮಲಗಿದ್ದ ಜಾಗದಲ್ಲಿ. ನಾನು ಹೋಳಿಗೆಯ ಕಣಕ ನಾದುತ್ತಿದ್ದೆ.

"ಬರದೆ," ಅಂದರು ಕೊನೆಗೆ. "ಪೈಲಟನ ತಪ್ಪು ಅಂತ ಬರದೆ."

ನಾನು ಕಣಕಕ್ಕೆ ಇನ್ನಷ್ಟು ಎಣ್ಣೆ ಹಾಕಿದೆ.

"ಎಡಕ್ಕ ತಿರಗಾಕತ್ತಿದ್ದು ಗೊತ್ತಾತು. ಬಲಗಾಲ ಪೆಡಲ್ ಒತ್ತಬೇಕು, ಮೂಗ ನೆಟ್ಟಗ ಆಗತೈತಿ. ಒತ್ತೂದ್ರಾಗ ತಡಾ ಆತು. ನನಗ ವಯಸ್ಸಾತು ಅಷ್ಟ. ವಿಮಾನ ರಿಪೇರಿ ಮಾಡಿ ಯಾರಿಗರೆ ಕೊಟ್ಟ ಬಿಡೂನು. ನಾ ಇನ್ನ ಹಾರಸೂದಿಲ್ಲ."

ನಾನು ಏಳು ವರ್ಷ ಕಾದದ್ದು ಇದೇ ಮಾತಿಗೆ. ಆ ವಿಮಾನ ಮನೆ ಬಿಟ್ಟು ಹೋಗಲಿ ಎಂದು ಎಷ್ಟು ಸಲ ಅಂದಿದ್ದೇನೋ ಲೆಕ್ಕವಿಲ್ಲ. ಈಗ ನಾನು ಸುಮ್ಮನಿದ್ದರೆ ಸಾಕಿತ್ತು. ಆದರೆ ಅವರ ಮುಖ ನೋಡಿದೆ. ಗ್ಯಾರೇಜಿನಿಂದ ಅಲ್ಯೂಮಿನಿಯಂ ಪುಡಿ ಮೆತ್ತಿಕೊಂಡು ಮಗುವಿನ ಹಾಗೆ ನಗುತ್ತ ಬರುತ್ತಿದ್ದ ಮುಖ. ನನ್ನ ಲಿಂಬೆಹಣ್ಣಿನ ತಪ್ಪನ್ನು ತಮ್ಮ ವಯಸ್ಸಿನ ಮೇಲೆ ಹೊತ್ತುಕೊಂಡು ಕೂತಿದ್ದರು. ಅದನ್ನು ನೋಡಿ ಸುಮ್ಮನಿರಲು ನನ್ನಿಂದ ಆಗಲಿಲ್ಲ.

"ನಿಮಗೊಂದ ಮಾತ ಹೇಳಬೇಕ್ರಿ," ಅಂದೆ. ಕೈಯಲ್ಲಿ ಕಣಕ ಹಾಗೇ ಇತ್ತು. "ನಾ ಗಾಲಿಯೊಳಗ ಲಿಂಬಿಹಣ್ಣ ಇಟ್ಟಿದ್ದೆ."

ಅವರು ಕನ್ನಡಕ ತೆಗೆದರು. "ಗೊತ್ತೈತಿ," ಅಂದರು.

ಎದ್ದು, ಎದೆ ಹಿಡಿದುಕೊಂಡು, ಮುಂಬಾಗಿಲ ಹತ್ತಿರ ತೂಗುಹಾಕಿದ್ದ ಜಾಕೆಟ್ಟಿನ ಕಡೆ ಹೋದರು. ಜೇಬಿನಿಂದ ಲಿಂಬೆಹಣ್ಣು ತೆಗೆದು ತಂದು ಮೇಜಿನ ಮೇಲೆ ಇಟ್ಟರು. ನಾನಿಟ್ಟ ಕುಂಕುಮದ ಬೊಟ್ಟು ಇನ್ನೂ ಇತ್ತು.

"ಹಾರೂಕಿಂತ ಮೊದಲ ಟಾರ್ಚ್ ಬಿಟ್ಟು ಎಲ್ಲಾ ನೋಡತೀವಿ. ಎಡಗಾಲಿಯೊಳಗ ಸಿಕ್ತು. ನಿನಗ ಹೇಳಿದ್ರ ಪೂಜಿ ಕೆಡತು ಅಂತ ಮನಸಿಗೆ ಹಚಗೋತಿ. ಅದಕ್ಕ ಕಿಸೇದಾಗ ಇಟಗೊಂಡು ಹಾರಿದೆ."

"ಮತ್ತ ಬಿದ್ದಮ್ಯಾಲ ಎಡಗಾಲಿಯೊಳಗ ಕೈ ಹಾಕಿದ್ರಲ್ಲ?"

"ಬ್ರೇಕ್ ಹಿಡದೈತೇನು ಅಂತ ನೋಡಿದೆ. ಹಿಡದಿಲ್ಲ."

ನಾನು ಕುರ್ಚಿ ಎಳೆದುಕೊಂಡು ಕೂತೆ. ಇಪ್ಪತ್ತನಾಲ್ಕು ಗಂಟೆ ಹೊತ್ತ ಭಾರ ಇಳಿಯಿತು ಎಂದುಕೊಂಡೆ. ಇಳಿಯುತ್ತಿರುವಾಗಲೇ ನೆನಪಾಯಿತು.

"ರೀ," ಅಂದೆ. "ಎರಡ ಇಟ್ಟಿದ್ದೆ."

ಅವರು ಆ ಒಂದು ಲಿಂಬೆಹಣ್ಣನ್ನು ನೋಡಿದರು. ನನ್ನನ್ನು ನೋಡಿದರು. ಲ್ಯಾಪ್‌ಟಾಪ್ ಮುಚ್ಚಿದರು.

ಕಣಕಕ್ಕೆ ಒದ್ದೆ ಬಟ್ಟೆ ಮುಚ್ಚಿ, ಕಾರು ನಾನೇ ಓಡಿಸಿಕೊಂಡು ಹೋದೆ. ಲಿಚ್‌ಫೀಲ್ಡ್ ದಾಟಿದ ಮೇಲೆ ಅವರು ತಮ್ಮಷ್ಟಕ್ಕೇ ಅಂದರು, "ಬಲಗಾಲಿ ನೋಡೂ ಹೊತ್ತಿಗೆ ನಿನ್ನ ಪೂಜಿ ನೆನೆಸಿ ನಗಾಕತ್ತಿದ್ದೆ. ಸರಿಯಾಗಿ ಬಗ್ಗಲಿಲ್ಲ."

ಹ್ಯಾಂಗರಿನಲ್ಲಿ ಅಜ್ಜ ಎಡಗಾಲಿಯ ಟೊಪ್ಪಿಗೆ ಬಿಚ್ಚಿ ಮುಗಿಸಿದ್ದರು. ಮೂಗು ಮುರಿದ ವಿಮಾನ ಮರದ ದಿಮ್ಮಿಯ ಮೇಲೆ ಗದ್ದ ಊರಿ ಕೂತಿತ್ತು. ನಾನು ನೇರವಾಗಿ ಅಜ್ಜನಿಗೆ ಹೇಳಿದೆ: ಬಲಗಾಲಿಯಲ್ಲಿ ಒಂದು ಲಿಂಬೆಹಣ್ಣಿದೆ, ಇಟ್ಟವಳು ನಾನು, ನಮ್ಮ ಹಬ್ಬಕ್ಕೆ. ಅವರು ಹುಬ್ಬು ಕೂಡ ಹಾರಿಸಲಿಲ್ಲ. ಹಸಿರೋ ಹಳದಿಯೋ ಎಂದು ಕೇಳಿ, ಹಳದಿ ಎಂದು ತಿಳಿದುಕೊಂಡು, ಸ್ಕ್ರೂ ಬಿಚ್ಚತೊಡಗಿದರು. ಎಂಟು ಸ್ಕ್ರೂ. ಒಂದೊಂದನ್ನೂ ತಗಡಿನ ಡಬ್ಬಿಗೆ ಹಾಕುವ ಸದ್ದು. ನಾನು ಇವರ ತೋಳು ಹಿಡಿದುಕೊಂಡಿದ್ದೆ.

ಟೊಪ್ಪಿಗೆ ಕೈಗೆ ಬಂತು. ಅದರ ಹಿಂಬದಿಯಲ್ಲಿ ಒಳಗಡೆಗೆ ಒಂದು ಗೂಡಿನಂಥ ಮೂಲೆಯಿದೆ. ಅಲ್ಲಿ, ಸ್ವಲ್ಪವೂ ಅಲುಗಾಡದೆ, ಲಿಂಬೆಹಣ್ಣು ಕೂತಿತ್ತು. ಜಜ್ಜಿರಲಿಲ್ಲ, ಸಿಪ್ಪೆ ಒಡೆದಿರಲಿಲ್ಲ. ಅಜ್ಜ ಟಾರ್ಚು ಬಿಟ್ಟು ತಿರುಗಿಸಿ ತಿರುಗಿಸಿ ನೋಡಿದರು. ಟೈರಿನ ಗುರುತು ಒಂದಿಷ್ಟೂ ಇಲ್ಲ. ಗಾಲಿಯನ್ನು ಕೈಯಿಂದ ತಿರುಗಿಸಿದರು, ಸರಾಗವಾಗಿ ತಿರುಗಿತು.

ಆಮೇಲೆ ಅಜ್ಜ ಉಪಕರಣಗಳ ಪೆಟ್ಟಿಗೆಯ ಮೇಲೆ ಕೂತು ಇವರಿಗೆ ನಿಧಾನವಾಗಿ ವಿವರಿಸಿದರು. ನೀನು ಹೋದದ್ದು ಎಡಕ್ಕೆ. ಗಾಳಿ ಬಂದದ್ದು ಎಡದಿಂದ. ಬಾಲಕ್ಕೆ ಗಾಳಿ ಬಡಿದರೆ ಮೂಗು ಗಾಳಿಯ ಕಡೆಗೇ ತಿರುಗುತ್ತದೆ. ಬಲಗಾಲಿಯಲ್ಲಿ ಏನಾದರೂ ಸಿಕ್ಕಿಕೊಂಡಿದ್ದರೆ ವಿಮಾನ ಬಲಕ್ಕೆ ಎಳೆಯುತ್ತಿತ್ತು. ಅಂದರೆ ಈ ಹಣ್ಣು ಏನಾದರೂ ಮಾಡಲು ಹೋಗಿದ್ದರೆ ನಿನಗೆ ಸಹಾಯವನ್ನೇ ಮಾಡುತ್ತಿತ್ತು. ಪಾಪ, ಅದಕ್ಕೆ ಸಮಯ ಸಿಗಲಿಲ್ಲ. ಇನ್ನು ಕಾಲು ತಡವಾದದ್ದು ವಯಸ್ಸಿನಿಂದಲ್ಲ. ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ನನಗೂ ತಡವಾಗಿತ್ತು, ಇದೇ ಹುಲ್ಲಿನ ಮೇಲೆ. ನಲವತ್ತರಲ್ಲಿ ಇನ್ನೊಮ್ಮೆ.

ಅಜ್ಜ ಇಷ್ಟು ಉದ್ದ ಮಾತಾಡಿದ್ದನ್ನು ನಾನು ಏಳು ವರ್ಷದಲ್ಲಿ ಕೇಳಿರಲಿಲ್ಲ. ನಾನು ಅತ್ತೆ, ಈ ಸಲ ಒಪ್ಪಿಕೊಂಡೇ ಅತ್ತೆ. ಅತ್ತು ಮುಗಿದ ಮೇಲೆ ಇವರಿಗೆ ಬೈದೆ: ಒಂದು ಸಿಕ್ಕಮೇಲೆ ಇನ್ನೊಂದನ್ನು ಹುಡುಕಬಾರದೇ, ಇದೇ ಏನು ನಿಮ್ಮ ಟಾರ್ಚಿನ ಕೆಲಸ?

"ಹುಡುಕಬೇಕಿತ್ತು," ಅಂದರು. "ಒಂದ ಇಟ್ಟು ಸುಮ್ಮನಾಗಾಕಿ ಅಲ್ಲ ನೀ ಅನ್ನೂದು ನನಗ ಗೊತ್ತಿರಬೇಕಿತ್ತು. ಮೂವತ್ತೇಳ ವರ್ಷ ಸಂಸಾರ ಮಾಡೀನಿ."

ಮನೆಗೆ ಬಂದು ಫಾರ್ಮು ಮತ್ತೆ ತೆರೆದರು. ಎಲ್ಲ ತಪ್ಪು ಲಿಂಬೆಹಣ್ಣಿನ ಮೇಲೆ ಹಾಕಿಬಿಡಿ, ಅದಕ್ಕೇನು ಲೈಸೆನ್ಸ್ ಇದೆಯೇ ಎಂದು ನಾನಂದೆ. ಒಪ್ಪಲಿಲ್ಲ. ಅಡ್ಡಗಾಳಿ, ತಡವಾದ ಕಾಲು ಎಂದೇ ಬರೆದು, ಕೆಳಗೆ ಹಣ್ಣಿನ ವಿಷಯವನ್ನೂ ಎರಡು ಸಾಲು ಸೇರಿಸಿದರು. ಇನ್ನು ಹಾರಿಸುವುದಿಲ್ಲ ಎಂಬ ಮಾತು ಮತ್ತೆ ಬರಲಿಲ್ಲ. ನಾನೂ ಅದನ್ನು ನೆನಪಿಸಲಿಲ್ಲ. ಸಂಜೆ ಡಬ್ಬಿಯಲ್ಲಿ ಒಣಗಿಸಿಟ್ಟಿದ್ದ ಬನ್ನಿ ಎಲೆ ಒಬ್ಬರಿಗೊಬ್ಬರು ಕೊಟ್ಟುಕೊಂಡೆವು. "ಬನ್ನಿ ತೊಗೊಂಡು ಬಂಗಾರದಂಗ ಇರೂಣು," ಅಂದರು. ಪ್ರತಿವರ್ಷ ಅನ್ನುವ ಮಾತೇ. ಆ ವರ್ಷ ನಾನು ಅದನ್ನು ಎರಡು ಸಲ ಹೇಳಿಸಿದೆ. ಮೂರೂ ಲಿಂಬೆಹಣ್ಣು ಹಿಂಡಿ ಚಿತ್ರಾನ್ನ ಮಾಡಿದೆ.

ಚಳಿಗಾಲದಲ್ಲಿ ಹೊಸ ಪ್ರೊಪೆಲ್ಲರ್ ಬಂತು, ಮೂಗಿನ ಗಾಲಿಗೆ ಹೊಸ ಕಾಲು ಬಂತು. ನೆಗ್ಗಿದ ತಗಡು ಬದಲಿಸುವಾಗ ಕಬ್ಬಿಣದ ಗಟ್ಟಿ ಹಿಡಿಯಲು ನನ್ನನ್ನೇ ಕರೆದರು. ಬೈಯುತ್ತಲೇ ಹಿಡಿದೆ.

ಮರುವರ್ಷದ ಖಂಡೆ ಪೂಜೆಗೆ ಹೋದಾಗ ಅಜ್ಜ ನನಗಾಗಿ ಒಂದು ಪೊಟ್ಟಣ ಇಟ್ಟುಕೊಂಡು ಕಾಯುತ್ತಿದ್ದರು. ಒಳಗೆ ಅಗಲವಾದ ಕೆಂಪು ಪಟ್ಟಿ ಎರಡು, ಮೊಳದುದ್ದ. ಹಾರುವ ಮೊದಲು ತೆಗೆಯಬೇಕಾದ ಪ್ರತಿಯೊಂದಕ್ಕೂ ವಿಮಾನದವರು ಇಂಥ ಕೆಂಪು ಪಟ್ಟಿ ಕಟ್ಟುತ್ತಾರೆ, ಮರೆತು ಹಾಗೇ ಹಾರಬಾರದೆಂದು. ನಾನು ಒಂದೊಂದು ಪಟ್ಟಿಯ ತುದಿಗೆ ಒಂದೊಂದು ಲಿಂಬೆಹಣ್ಣು ಕಟ್ಟಿ, ಎಲ್ಲರ ಕಣ್ಣೆದುರಿಗೇ ಎಡಗಾಲಿಗೊಂದು, ಬಲಗಾಲಿಗೊಂದು ಇಟ್ಟು, ಕುಂಕುಮ ಹಚ್ಚಿದೆ. ಪೂಜೆ ಮುಗಿದ ಮೇಲೆ ಇವರು ಎರಡನ್ನೂ ತೆಗೆದು ನನ್ನ ಕೈಗೆ ಕೊಟ್ಟರು. ಜೊತೆಗೆ ಟಾರ್ಚನ್ನೂ ಕೊಟ್ಟರು.

"ನಾ ನೋಡೀನಿ," ಅಂದರು. "ಎರಡನೇ ಸಹಿ ನಿಂದು."

ಸೀರೆ ಸಿಕ್ಕಿಸಿಕೊಂಡು, ಮೊಣಕಾಲೂರಿ, ಎಡಗಾಲಿ ನೋಡಿದೆ. ಬಲಗಾಲಿ ನೋಡಿದೆ, ಅದನ್ನು ಎರಡು ಸಲ. ಮುಂದಿನ ಗಾಲಿಯನ್ನೂ ಬಿಡಲಿಲ್ಲ. ಹಾರುವ ಮೊದಲು ನೋಡಬೇಕಾದವುಗಳ ಅಚ್ಚಾದ ಹಾಳೆಯ ಕೊನೆಯಲ್ಲಿ ಇವರು ಕೈಯಿಂದ ಬರೆದಿದ್ದ ಸಾಲೊಂದಿತ್ತು: ಲಿಂಬೆಹಣ್ಣು, ಎರಡೂ ತೆಗೆದಿದೆ. ಅದರ ಮುಂದೆ ಸಹಿ ಹಾಕಿದೆ. ಸಹಿ ಹಾಕಿದ ಮೇಲೆ ನನಗೆ ಕ್ಯಾರವಾನಿಗೆ ಹೋಗಿ ಕೂರಬೇಕೆನಿಸಲಿಲ್ಲ. ನಾನೇ ನೋಡಿದ್ದೇನೆ, ನಾನೇ ಸಹಿ ಹಾಕಿದ್ದೇನೆ. ಇನ್ನು ಅಲ್ಲಿ ಕೂತು ಹೆದರುವುದರಲ್ಲಿ ಏನು ಅರ್ಥ?

"ಸರಕೊಳ್ರಿ," ಅಂದೆ. "ಎಲ್ಲಿ ಕಾಲಿಡಬೇಕು ತೋರಸ್ರಿ."

ಅವರು ಕೈ ಹಿಡಿದು ರೆಕ್ಕೆಯ ಮೇಲೆ ಹತ್ತಿಸಿದರು. ಮೇಲಿನಿಂದ ನೋಡಿದಾಗ ಹೊಲಗಳು, ಕಾಲುವೆ, ದೂರದಲ್ಲಿ ಲಿಚ್‌ಫೀಲ್ಡಿನ ಚರ್ಚಿನ ಮೂರು ಗೋಪುರ ಕಂಡವು ಎಂದು ಆಮೇಲೆ ಇವರು ಎಲ್ಲರಿಗೂ ಹೇಳಿದರು. ನಾನು ಏನನ್ನೂ ನೋಡಲಿಲ್ಲ. ಇವರ ಬಲಗಾಲನ್ನೇ ನೋಡುತ್ತಿದ್ದೆ. ಇಳಿಯುವಾಗ ಗಾಳಿ ಸ್ವಲ್ಪ ಅಡ್ಡ ಬಂತು, ಮೂಗು ಎಡಕ್ಕೆ ಸರಿಯಿತು, ಕಾಲು ತಕ್ಷಣ ಒತ್ತಿತು. ವಿಮಾನ ನೇರವಾಗಿ ಓಡಿ ನಿಂತಾಗ ಲಿಂಬೆಹಣ್ಣು ಎರಡೂ ನನ್ನ ಮಡಿಲಲ್ಲಿದ್ದವು.